ಸೇಂಟ್ ಪ್ಯಾಟ್ರಿಕ್ ಹಬ್ಬ: ಒಂದೇ ದಿನಾಂಕ, ಎರಡು ನೆನಪು

ಮಾರ್ಚ್ 17 ಬಂತು ಅಂದ್ರೆ ನಿಮ್ಮ ಫೋನಿನ ರೀಲ್ಸ್‌ನಲ್ಲೆಲ್ಲ ಹಸಿರೋ ಹಸಿರು. ಚಿಕಾಗೋದಲ್ಲಿ 1962ರಿಂದ ನದಿಗೇ ಹಸಿರು ಬಣ್ಣ ಹಾಕ್ತಾರೆ. ನ್ಯೂಯಾರ್ಕಿನ ಮೆರವಣಿಗೆ 1762ರಷ್ಟು ಹಳೇದು. ಐರ್ಲೆಂಡ್‌ನಲ್ಲಿ 1845ರಿಂದ ಆಲೂಗಡ್ಡೆ ಬೆಳೆ ಕೊಳೆತು ಕ್ಷಾಮ ಬಂದಾಗ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಅವರ ಮರಿಮಕ್ಕಳಿಗೆ ಈ ಹಬ್ಬ ಅಂದ್ರೆ ಹಸಿದು ಬಂದು ಬದುಕು ಕಟ್ಟಿಕೊಂಡವರ ನೆನಪು.

ಇದು ನಿಮಗೆ ಗೊತ್ತಿರೋ ಕಥೆ. ಆದರೆ ಇದೇ ದಿನ ಸರ್ಕಾರಿ ರಜೆ ಕೊಡೋ ಒಂದು ಪುಟ್ಟ ದ್ವೀಪ ಕೆರಿಬಿಯನ್ ಸಮುದ್ರದಲ್ಲಿದೆ. ಹೆಸರು ಮಾಂಟ್ಸೆರಾಟ್. ಇವತ್ತಿಗೂ ಬ್ರಿಟನ್ನಿನ ಅಧೀನ. ಜನಸಂಖ್ಯೆ ಐದು ಸಾವಿರವೂ ಇಲ್ಲ, ಬಹುತೇಕರು ಆಫ್ರಿಕನ್ ಮೂಲದವರು. ಆದರೆ ಅಡ್ಡಹೆಸರು ನೋಡಿ: ರೈಲಿ, ಸ್ವೀನಿ, ಫಾರೆಲ್. ಧ್ವಜದಲ್ಲಿ ಹಾರ್ಪ್ ಹಿಡಿದ ಹೆಂಗಸು. ಮೊದಲ ಸಲ ಓದಿದಾಗ ನಾನು 'ಅಬ್ಬಾ, ಎಷ್ಟು ಚೆಂದದ ಬೆರಕೆ' ಅಂದುಕೊಂಡಿದ್ದೆ.

ಅಷ್ಟು ಚೆಂದ ಏನಲ್ಲ ಅದು.

17ನೇ ಶತಮಾನದಲ್ಲಿ ಐರಿಷ್ ಕ್ಯಾಥೊಲಿಕರು ಇಲ್ಲಿಗೆ ಬಂದರು. ಅವರಲ್ಲಿ ಅನೇಕರು ಜೀತದ ಕರಾರಿಗೆ ಸಿಕ್ಕಿ ಬಂದ ಬಡವರು. 1678ರ ಜನಗಣತಿ ನೋಡಿದರೆ ದ್ವೀಪದ ಬಿಳಿಯರಲ್ಲಿ ಹೆಚ್ಚಿನವರು ಐರಿಷರೇ. ಆಮೇಲೆ ಕಬ್ಬಿನ ತೋಟ, ಸಕ್ಕರೆ, ಗುಲಾಮರು. ತಮ್ಮ ಊರಲ್ಲಿ ಇಂಗ್ಲಿಷರ ಕೈಯಲ್ಲಿ ನಲುಗಿದ ಜನರೇ ಇಲ್ಲಿ ಗುಲಾಮರ ಒಡೆಯರಾದರು. ಇತಿಹಾಸಕಾರ ಡೊನಾಲ್ಡ್ ಏಕನ್ಸನ್ ಈ ದ್ವೀಪದ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಒಡೆತನ ಸಿಕ್ಕಾಗ ಐರಿಷರೇನೂ ಉಳಿದವರಿಗಿಂತ ಮೃದುವಾಗಿರಲಿಲ್ಲ ಅನ್ನೋದು ಅದರ ವಾದ. ನಾನು ಒಪ್ತೀನಿ. ನೋವು ತಿಂದವರು ಇನ್ನೊಬ್ಬರಿಗೆ ನೋವು ಕೊಡಲ್ಲ ಅನ್ನೋದು ನಮ್ಮ ಆಸೆ ಅಷ್ಟೆ, ಇತಿಹಾಸ ಹಾಗೆ ನಡೆದಿಲ್ಲ.

1768. ಗುಲಾಮರು ದಂಗೆಗೆ ಆರಿಸಿಕೊಂಡ ದಿನ ಮಾರ್ಚ್ 17. ಯಾಕಂದ್ರೆ ಅವತ್ತು ಒಡೆಯರು ಕುಡಿದು ಮೈಮರೆತಿರ್ತಾರೆ. ಸಂಚು ಮೊದಲೇ ಬಯಲಾಯಿತು. ಒಬ್ಬ ಹೆಂಗಸು ಕದ್ದು ಕೇಳಿಸಿಕೊಂಡು ಹೇಳಿಬಿಟ್ಟಳು ಅಂತ ಊರಿನವರ ಕಥೆ. ಒಂಬತ್ತು ಜನರನ್ನು ಗಲ್ಲಿಗೇರಿಸಿದರು.

1985ರಲ್ಲಿ ಆ ದಿನವನ್ನು ರಜೆ ಮಾಡಿದ್ದು ಆ ದಂಗೆಕೋರರ ನೆನಪಿಗೆ. ಪ್ರವಾಸಿಗರಿಗೆ ಅದು ಐರಿಷ್ ಹಬ್ಬವಾಗಿ ಕಾಣುತ್ತೆ, ಪಬ್ಬು, ಹಸಿರು ಟೋಪಿ ಎಲ್ಲ ಇರುತ್ತೆ. ಅದರ ಪಕ್ಕದಲ್ಲೇ ಮುಖವಾಡ ಹಾಕಿದ ಕುಣಿತದವರು ಕೈಯಲ್ಲಿ ಚಾಟಿ ಹಿಡಿದು ಬರ್ತಾರೆ. ಆ ಚಾಟಿ ಯಾರದಾಗಿತ್ತು ಅಂತ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹಾಗಾದ್ರೆ ಫಾರೆಲ್ ಅನ್ನೋ ಹೆಸರು ರಕ್ತದಿಂದ ಬಂದಿದ್ದಾ, ಒಡೆಯನಿಂದ ಬಂದಿದ್ದಾ? ಎಷ್ಟೋ ಮನೆಗಳಲ್ಲಿ ಇದಕ್ಕೆ ಉತ್ತರ ಇಲ್ಲ. ಆದರೂ ಹೆಸರನ್ನು ಅವರು ಬಿಟ್ಟಿಲ್ಲ.

1995ರಲ್ಲಿ ಅಲ್ಲಿನ ಜ್ವಾಲಾಮುಖಿ ಎದ್ದಿತು, ರಾಜಧಾನಿ ಪ್ಲಿಮತ್ ಬೂದಿಯಡಿ ಹೂತುಹೋಯಿತು. ಸುಮಾರು ಮೂರನೇ ಎರಡು ಭಾಗ ಜನ ಊರು ಬಿಟ್ಟರು, ಬಹಳಷ್ಟು ಮಂದಿ ಬ್ರಿಟನ್ನಿಗೆ ಹೋದರು. ಅಂದ್ರೆ ಈಗ ಅವರೂ ವಲಸಿಗರೇ. ಪ್ರತಿ ಮಾರ್ಚ್‌ನಲ್ಲಿ ಅವರ ಮಕ್ಕಳು ಮೊಮ್ಮಕ್ಕಳು ಹಬ್ಬಕ್ಕೆ ವಾಪಸ್ ಬರ್ತಾರೆ. ಪುಟ್ಟ ವಿಮಾನ ಇಳಿದು ಸಾಲಲ್ಲಿ ನಿಲ್ತಾರೆ. ಆಗ ಅವರ ಪಾಸ್‌ಪೋರ್ಟಿನ ಮೇಲೆ ಬೀಳೋ ಮುದ್ರೆಯ ಆಕಾರ, ಐರ್ಲೆಂಡಿನ ಮೂರೆಲೆಯ ಶ್ಯಾಮ್‌ರಾಕ್.