ಸುಮ್ಮನೆಯ ಸುಮ್ಮಾನ

ದೊಡ್ಡಬಳ್ಳಾಪುರದಿಂದ ಯಲಹಂಕದ ಕಡೆಗೆ ಹೊರಟಿದ್ದ ಬಸ್ಸಿನಲ್ಲಿ ನನ್ನ ಮುಂದಿನ ಆಸನದಲ್ಲಿ ಕುಳಿತಿದ್ದ ಇಬ್ಬರ ಸಂಭಾಷಣೆಯೇ ಈ ವಾರದ ಬರಹಕ್ಕೆ ಕಾರಣ. ಒಬ್ಬ ಕಾಲೇಜಿನ ಹುಡುಗ. ಮತ್ತೊಬ್ಬರು, ಮಾತಿನ ಸಲುಗೆಯಿಂದ ತಿಳಿಯುತ್ತಿದ್ದಂತೆ ಅವನ ಸೋದರಮಾವ, ವೃತ್ತಿಯಲ್ಲಿ ನೇಕಾರರು. ಹುಡುಗನ ಫೋನಿನಿಂದ ಹೊರಡುತ್ತಿದ್ದ, ಹಾಡೆಂದು ಹೇಳಲೂ ಆಗದ, ಗದ್ದಲವೆಂದು ತಳ್ಳಿಹಾಕಲೂ ಆಗದ ಒಂದು ನಾದವನ್ನು ಬಹಳ ಹೊತ್ತು ಸೈರಿಸಿಕೊಂಡಿದ್ದ ಮೇಲೆ ಮಾವನವರು ಬಾಯಿ ತೆರೆದರು.

"ಏನ್ಲಾ ಅದು?"

"ನಾನೇ ಮಾಡಿದ್ ಹಾಡು ಮಾವ."

"ಯಾವ ಪಿಚ್ಚರ್‌ದು?"

"ಯಾವ ಪಿಚ್ಚರ್‌ದೂ ಅಲ್ಲ. ಮನೇಲೇ ಮಾಡಿದ್ದು."

"ಯಾತಕ್ಕೆ?"

"ಸುಮ್ನೆ."

"ಸುಮ್ನೆ ಅಂದ್ರೆ?"

"ಜಸ್ಟ್ ಸುಮ್ನೆ, ಮಾವ!"

ಹುಡುಗನು ತನ್ನ ಸಂಗೀತವನ್ನು ಸಮರ್ಥಿಸಿಕೊಂಡ ಬಗೆ ನನಗೆ ಸರ್ವಥಾ ಸಮ್ಮತವಾಯಿತು. ಆ 'ಜಸ್ಟ್' ಮಾತ್ರ ರಾಜಾನುಕುಂಟೆ ದಾಟಿದರೂ ಕಿವಿಯಿಂದ ಇಳಿಯಲಿಲ್ಲ. ಕಾರಣವನ್ನಾಗಲಿ ಪ್ರಯೋಜನವನ್ನಾಗಲಿ ಫಲಾಪೇಕ್ಷೆಯನ್ನಾಗಲಿ ಹೊರದೆ ಕೈಬೀಸಿಕೊಂಡು ನಡೆಯುವುದೇ ಯಾವ ಪದದ ಸ್ವಭಾವವೋ ಆ ಪದದ ಹೆಗಲ ಮೇಲೆ ಪರಭಾಷೆಯ ಮೂಟೆಯೊಂದನ್ನು ಹೇರುವುದೆಂದರೆ ಏನು ಹೇಳೋಣ?

ಸಂಭಾಷಣೆ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹುಡುಗ ತನ್ನ ವಾದ್ಯವೃಂದವನ್ನು ವಿವರಿಸಿದ. ಖಾಲಿಯಾದ ನೀರಿನ ಬಾಟಲಿಯೊಳಕ್ಕೆ ಒಂದು ಹಿಡಿ ರಾಗಿ ಸುರಿದು ಅಲ್ಲಾಡಿಸಿದರೆ ಸಣ್ಣನೆಯ ಸದ್ದು ಬರುತ್ತದೆ. ರಾಗಿಯನ್ನು ತೆಗೆದು ಒಣಗಿದ ಅವರೆಕಾಳು ತುಂಬಿದರೆ ಅದೇ ಬಾಟಲಿಗೆ ದಪ್ಪ ಶಾರೀರ. ನೂಲು ಮುಗಿದ ಎರಡು ಕಂಡಿಕೆಗಳನ್ನು ಒಂದಕ್ಕೊಂದು ತಾಕಿಸಿದರೆ ತಾಳವಾಯಿತು. ಡಬರಿಯನ್ನು ಬೋರಲು ಹಾಕಿ ಬೆರಳು ಬಡಿದರೆ ಮದ್ದಳೆಯಾಯಿತು. ಇವೆಲ್ಲವನ್ನೂ ಕಂಬಳಿ ಹೊದ್ದು ಕುಳಿತು ಫೋನಿಗೆ ತುಂಬಬೇಕು. ಅದೂ ವಿದ್ಯುತ್ತು ಹೋದಾಗ ಮಾತ್ರ. ಏಕೆಂದರೆ ಬೀದಿಬೀದಿಯಲ್ಲೂ ವಿದ್ಯುತ್ ಮಗ್ಗಗಳಿರುವ ಆ ಊರಿನಲ್ಲಿ ಹಾಡುಗಾರನಿಗೆ ನಿಶ್ಶಬ್ದವು ಲಭಿಸುವುದು ಲಾಳಿಗಳೆಲ್ಲ ಏಕಕಾಲದಲ್ಲಿ ಸ್ತಬ್ಧವಾದಾಗಲೇ. ಆಗಲೂ ನಂಬುವಂತಿಲ್ಲ, 2008ರಲ್ಲಿ ನೆರೆಯ ದೇವನಹಳ್ಳಿಯಲ್ಲಿ ವಿಮಾನನಿಲ್ದಾಣವು ತೆರೆದಂದಿನಿಂದ ಆ ಸೀಮೆಯ ಆಕಾಶಕ್ಕೂ ಸುಮ್ಮನಿರುವುದು ಮರೆತುಹೋಗಿದೆ. ಇನ್ನು ಹಾಡಿನ ವಸ್ತುವೋ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಒಂದು ಕಾಲಿನ ಚಪ್ಪಲಿ ಕಳೆದುಹೋಗಲು, ಒಂಟಿಯಾಗಿ ಮನೆಗೆ ಮರಳಿದ ಇನ್ನೊಂದರ ವಿರಹವ್ಯಥೆ! ಎಲ್ಲವನ್ನೂ ಕೇಳಿದ ಮಾವನವರು "ಕರೆಂಟ್ ಹೋದ್ರೆ ನಮ್ಗೆ ಕೂಲಿ ಹೋಯ್ತು, ನಿಂಗೆ ಹಾಡು ಬಂತು" ಎಂದು ಒಂದೇ ವಾಕ್ಯದಲ್ಲಿ ವಿಮರ್ಶೆಯನ್ನು ಮುಗಿಸಿ ಕಿಟಕಿಯ ಕಡೆಗೆ ತಿರುಗಿದರು.

ನಾನು ಈ ಪದವನ್ನು ಕುರಿತು ಹೇಳಬೇಕೆಂದುಕೊಂಡಿದ್ದುದೆಲ್ಲವೂ ಆ ವಾಕ್ಯದಲ್ಲಿ ಅಡಗಿದೆ. ಮಗ್ಗ ಸುಮ್ಮನಾಯಿತು, ಹುಡುಗ ಸುಮ್ಮನೆ ಹಾಡಿದ. ಮೊದಲನೆಯದು ಮೌನ, ಎರಡನೆಯದು ಗಾನ. ಎರಡಕ್ಕೂ ಕನ್ನಡಿಗನು ಇಟ್ಟುಕೊಂಡಿರುವುದು ಒಂದೇ ಮಾತು. ಅಷ್ಟೇ ಅಲ್ಲ. ನೆಂಟರು ಬಾಗಿಲಲ್ಲಿ ನಿಂತು "ಸುಮ್ಮನೆ ಬಂದೆ" ಎಂದರೆ ಸಾಲ ಕೇಳಲು ಬಂದಿಲ್ಲವೆಂಬ ಅಭಯ, "ಸುಮ್ಮನೆ ಹೇಳಿದೆ" ಎಂದರೆ ಹೇಳಿದ್ದು ಸುಳ್ಳು, ಕೋಪಿಸಿಕೊಳ್ಳಬೇಡ ಎಂಬ ಸಮಾಧಾನ, "ಸುಮ್ಮನೆ ಕೊಡುತ್ತಾರೆಯೆ?" ಎಂದರೆ ಹಣದ ಪ್ರಸ್ತಾಪ, "ಸುಮ್ಮನೆ ಬಿಡುವುದಿಲ್ಲ" ಎಂದರೆ ಪೊಲೀಸು ಠಾಣೆಯವರೆಗೆ ಹೋಗಬಲ್ಲ ಪ್ರತಿಜ್ಞೆ, "ಸುಮ್ಮನೆ ತಿನ್ನು" ಎಂದರೆ ತಾಯಂದಿರ ಶಾಸನ, ಅದಕ್ಕೆ ಮೇಲ್ಮನವಿಯಿಲ್ಲ. ಇದನ್ನು ಇಮ್ಮಡಿಸಿ "ಸುಮ್ಮಸುಮ್ಮನೆ" ಎಂದೆವೋ, ಕೂಡಲೇ ಅನ್ಯಾಯದ ವಾಸನೆ ಬರುತ್ತದೆ: ಸುಮ್ಮನೆ ನಕ್ಕವನು ರಸಿಕ, ಸುಮ್ಮಸುಮ್ಮನೆ ನಕ್ಕವನು ಅನುಮಾನಾಸ್ಪದ. ಮುಕ್ತಿಯು ಸುಮ್ಮನೆ ದೊರೆಯುವ ಪದಾರ್ಥವಲ್ಲವೆಂದು ನಮ್ಮ ಹರಿದಾಸರು ಎಚ್ಚರಿಸಿದರೆ, ತಿರುವಣ್ಣಾಮಲೆಯ ರಮಣಮಹರ್ಷಿಗಳು ಇದರ ತಮಿಳು ಸೋದರನನ್ನೇ ಹಿಡಿದು "ಸುಮ್ಮಾ ಇರು", ಸುಮ್ಮನಿರುವುದೇ ಮುಕ್ತಿಯ ಮಾರ್ಗವೆಂದು ಉಪದೇಶಿಸಿದರು.

ಈಗ ನನ್ನ ವಾದ. ಘಮ್ಮನೆ ಹೊಮ್ಮುವ ಪರಿಮಳ, ಜುಮ್ಮನೆ ಏಳುವ ರೋಮಾಂಚ, ಬಿಮ್ಮನೆ ಬಿಗಿದುಕೊಂಡ ಮುಖ, ಧುಮ್ಮನೆ ಬಿದ್ದ ಹಲಸಿನಹಣ್ಣು, ಇವುಗಳ ಸಾಲಿನಲ್ಲಿ ಸುಮ್ಮನೆಯನ್ನು ಒಮ್ಮೆ ನಿಲ್ಲಿಸಿ ನೋಡಿರಿ. ಒಡಹುಟ್ಟಿದವರೆಂದು ಸಾಕ್ಷಿ ಹೇಳಲು ಪಂಡಿತರು ಬೇಕಾಗಿಲ್ಲ, ಕಿವಿ ಸಾಕು. ಧುಮ್ ಎಂಬ ಸದ್ದಿನಿಂದ ಧುಮ್ಮನೆ ಬಂದಿದ್ದರೆ ಸುಮ್ ಎಂಬ ಸದ್ದಿನಿಂದ ಸುಮ್ಮನೆ ಏಕೆ ಬಂದಿರಬಾರದು? ಸುಮ್ ಎಂಬುದು ಯಾವ ಸದ್ದೆಂದು ಕೇಳುವವರು ತಂಬೂರಿಯನ್ನು ಮೀಟಿ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ ಉತ್ತರಕ್ಷಣದಲ್ಲಿ ಕೋಣೆಯಲ್ಲಿ ಉಳಿಯುವುದನ್ನು ಕೇಳಲಿ. ನಮ್ಮ ಪೂರ್ವಿಕರ ಎಣಿಕೆಯಲ್ಲಿ ಮೌನವೆಂದರೆ ನಾದದ ಅಭಾವವಲ್ಲ. ಇತರ ಸದ್ದುಗಳೆಲ್ಲ ಇಳಿದ ಮೇಲೆ ಉಳಿಯುವ ಶ್ರುತಿ. ಆದುದರಿಂದಲೇ ಸುಮ್ಮನಿರುವವನೂ ಸುಮ್ಮನೆ ಹಾಡುವವನೂ ಒಂದೇ ಪದದ ಕೆಳಗೆ ವಾಸಿಸಬಲ್ಲರು. ಸಾಲದೆಂಬವರಿಗೆ ಮತ್ತೊಂದು ಸಾಕ್ಷಿಯುಂಟು: ಗಮಕಿಗಳ ಬಾಯಿಂದ ಕುಮಾರವ್ಯಾಸನನ್ನು ಕೇಳಿದವರಿಗೆ ಸಂತೋಷ, ಉಲ್ಲಾಸ ಎಂಬ ಅರ್ಥದ 'ಸುಮ್ಮಾನ' ಪರಿಚಿತವಷ್ಟೆ, ಸುಮ್ಮನೆ ಮಾಡಿದ್ದರಿಂದ ದೊರೆಯುವುದೇ ಸುಮ್ಮಾನ ಎಂಬುದು ನನ್ನ ಸೂತ್ರ. 1894ರಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟನ್ನು ಎತ್ತಿ ತೋರಿಸಿ ಇದನ್ನು ಖಂಡಿಸುವವರು ಖಂಡಿಸಬಹುದು. 'ಪದಾರ್ಥ ಚಿಂತಾಮಣಿ'ಯನ್ನು ಬರೆದ ಪಾವೆಂ ಆಚಾರ್ಯರು ಬದುಕಿದ್ದಿದ್ದರೆ ನನ್ನ ಕಿವಿಯನ್ನು ಹಿಂಡುತ್ತಿದ್ದರೇನೋ. ಆದರೂ ನಾನು ಸುಮ್ಮನಾಗತಕ್ಕವನಲ್ಲ.

ಸುಮ್ಮನಾಗತಕ್ಕವನಲ್ಲ ಎಂದೊಡನೆ ಇರುವೆ ಬಂದೇ ಬರುತ್ತದೆ. "ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡನಂತೆ" ಎಂಬ ಗಾದೆಯನ್ನು ನೆಲಮಂಗಲದ ಕಡೆಯವರಾದ ನಮ್ಮ ಅಜ್ಜಿ ಎಷ್ಟು ಸಲ ಹೇಳುತ್ತಿದ್ದರೆಂದರೆ, ಮನೆಯಲ್ಲಿ ಯಾವ ಮಗು ತಟ್ಟೆ ಬಡಿದರೂ, ಬೆಂಕಿಪೊಟ್ಟಣ ಅಲುಗಿಸಿದರೂ, ಬಾಗಿಲ ಚಿಲಕದಿಂದ ತಾಳ ಹಾಕಿದರೂ ಆ ಗಾದೆಯೇ ತೀರ್ಪು. ಆದರೆ ಇರುವೆಯನ್ನು ಎಲ್ಲಿಗೆ ಬಿಟ್ಟುಕೊಂಡ ಎಂಬ ಮುಖ್ಯಸಂಗತಿಯನ್ನು ಅವರು ಎಂದೂ ಹೇಳಲಿಲ್ಲ. ಕೇಳಿದರೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಪಂಚೆಯೊಳಕ್ಕೆಂದು ಹಿರಿಯ ಹುಡುಗರು ಪಿಸುಗುಟ್ಟಿದ್ದರಿಂದ ಸ್ಥಳನಿರ್ದೇಶವೇನೋ ಆಯಿತು. ಯಾವ ಜಾತಿಯ ಇರುವೆ ಎಂಬುದು ಅದಕ್ಕಿಂತ ಗಹನವಾದ ಪ್ರಶ್ನೆ. ಕರಿಯ ಗೊದ್ದವಾಗಿದ್ದರೆ ಕಚಗುಳಿ; ಕಟ್ಟಿರುವೆಯಾಗಿದ್ದರೆ ಆರ್ತನಾದ; ಕೆಂಜಿಗವಾಗಿದ್ದರೆ ಗಾದೆಯೇ ಹುಟ್ಟುತ್ತಿರಲಿಲ್ಲ, ಹೇಳಲು ಆತನು ಉಳಿಯಬೇಕಲ್ಲ! ಆದ್ದರಿಂದ ಗೊದ್ದವೆಂದೇ ನಾವು ಮಕ್ಕಳು ಬಹುಮತದಿಂದ ನಿರ್ಣಯಿಸಿದೆವು.

ಆ ಮಹಾನುಭಾವನನ್ನು ನಮ್ಮ ಜನ ಮೂರ್ಖನೆಂದು ಬಗೆದಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅವನ ಸ್ಥಿತಿಯನ್ನು ಸ್ವಲ್ಪ ಸಹಾನುಭೂತಿಯಿಂದ ಪರಿಶೀಲಿಸಿ. ಹೊಲದ ಕೆಲಸ ಮುಗಿದಿದೆ, ರಾಗಿಯ ಬಣವೆ ನಿಂತಿದೆ, ಮಧ್ಯಾಹ್ನದ ಮುದ್ದೆ ಹೊಟ್ಟೆಯಲ್ಲಿದೆ, ಜಗಲಿಯ ಮೇಲೆ ನೆರಳಿದೆ. ಸುಮ್ಮನಿರಲು ಬೇಕಾದ ಸಕಲ ಸಾಮಗ್ರಿಯೂ ಸಿದ್ಧವಾಗಿದ್ದರೂ ಅವನಿಂದ ಸುಮ್ಮನಿರಲು ಆಗುತ್ತಿಲ್ಲ. ಇರುವೆಯಿಂದ ಲಾಭವುಂಟೆಂದು ಅವನು ತಿಳಿದಿರಲಿಲ್ಲ, ಯಾರೂ ಅವನನ್ನು ಪ್ರೇರೇಪಿಸಿರಲಿಲ್ಲ, ಯಾತಕ್ಕೆ ಬಿಟ್ಟುಕೊಂಡೆಯೆಂದು ಹೆಂಡತಿ ಕೇಳಿದ್ದರೆ ಅವನಿಗೆ ಒದಗುತ್ತಿದ್ದ ಉತ್ತರ ಒಂದೇ: "ಸುಮ್ನೆ." ಸುಮ್ಮನಿರಲಾರದವನು ಸುಮ್ಮನೆ ಮಾಡಿದನೆಂಬ ಈ ಚಮತ್ಕಾರವನ್ನು ಗಾದೆಯು ಮುಚ್ಚಿಟ್ಟುಕೊಂಡಿದೆ. ಇರುವೆ ಓಡಾಡತೊಡಗಿದಾಗ ಅವನು ಮೊದಲು ಕೂಗಿರಬೇಕು, ಅದು ಆಲಾಪನೆ; ಆಮೇಲೆ ತೊಡೆಗೆ ಚಟಪಟನೆ ಬಡಿದುಕೊಂಡಿರಬೇಕು, ಅದು ತಾಳ; ಕೊನೆಗೆ ಜಗಲಿಯಿಂದ ಅಂಗಳಕ್ಕೆ ಹಾರಿ ಕುಣಿದಿರಬೇಕು. ಗೀತ, ವಾದ್ಯ, ನೃತ್ಯ ಮೂರೂ ಕೂಡಿದ್ದೇ ಸಂಗೀತವೆಂದು ಶಾಸ್ತ್ರಕಾರರು ಲಕ್ಷಣ ಹೇಳಿರುವಾಗ, ಆ ಅಂಗಳದಲ್ಲಿ ನಡೆದದ್ದು ಮತ್ತೇನು? ಮನೆಯಲ್ಲಿ ಸುಮ್ಮನೆ ಹಾಡು ಕಟ್ಟುವ ಇಂದಿನ ಕಾಲೇಜು ವಿದ್ಯಾರ್ಥಿಗಳೆಲ್ಲರೂ ಆತನ ಶಿಷ್ಯಪರಂಪರೆಯವರೇ. ಇದನ್ನು ಅಜ್ಜಿಯ ಮುಂದೆ ಮಂಡಿಸುವ ಧೈರ್ಯ ನನಗೆ ಬರಲಿಲ್ಲ; ಆದರೆ ಗಾದೆ ಹೇಳಿ ನಮ್ಮ ಬಾಯಿ ಮುಚ್ಚಿಸಿದ ಅವರೇ ಮರುಗಳಿಗೆಯಲ್ಲಿ ಮೊರದ ತುಂಬ ರಾಗಿ ಹಾಕಿಕೊಂಡು ಕೇರುತ್ತ, ಮೊರದ ಏಳುಬೀಳಿಗೆ ಸರಿಯಾಗಿ ಏನನ್ನೋ ಗುನುಗುತ್ತಿದ್ದರು. ಆ ಗುನುಗಿಗೆ ಗಾದೆ ಅನ್ವಯಿಸುತ್ತಿರಲಿಲ್ಲ.

ಈ ಸೀಮೆಯಲ್ಲಿ ಮನೆಯ ಸಂಗೀತವೆಂಬುದು ನಿನ್ನೆ ಮೊನ್ನೆಯದಲ್ಲ. ನಸುಕಿನಲ್ಲಿ ರಾಗಿಕಲ್ಲು ತಿರುಗಿಸುತ್ತ ಬೀಸುವ ಪದ ಹೇಳಿದ ಹೆಂಗಸರಿಗೆ ಸಭೆಯೂ ಇರಲಿಲ್ಲ, ಸಂಭಾವನೆಯೂ ಇರಲಿಲ್ಲ. ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆಯಲ್ಲಿ 1899ರಲ್ಲಿ ಹುಟ್ಟಿದ ವಿ. ಸೀತಾರಾಮಯ್ಯನವರು, ನಮ್ಮ ವೀಸೀ, ಹೆಣ್ಣನ್ನು ಗಂಡಿನ ಮನೆಯವರಿಗೆ ಒಪ್ಪಿಸಿಕೊಡುವ ಸಮಯಕ್ಕೆಂದು ಬರೆದ ಪದ್ಯವು ಪುಸ್ತಕದಿಂದ ಎದ್ದು ಮದುವೆಯ ಚಪ್ಪರಕ್ಕೆ ನಡೆದು ಅಲ್ಲಿಯೇ ನೆಲಸಿತು. ಅದನ್ನು ಹಾಡುವ ಚಿಕ್ಕಮ್ಮ ದೊಡ್ಡಮ್ಮಂದಿರಲ್ಲಿ ಅನೇಕರು ಕವಿಯ ಹೆಸರನ್ನು ಅರಿಯರು. ತಾಯಿಯ ಬಾಯಿಂದ ಬಂದದ್ದೆಂದೇ ಅವರ ನಂಬಿಕೆ. ವೀಸೀ ಅವರು ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದವರು, 'ಹಣ ಪ್ರಪಂಚ'ವೆಂಬ ಗ್ರಂಥವನ್ನೇ ರಚಿಸಿದವರು. 1973ರಲ್ಲಿ ಅವರ 'ಅರಲು ಬರಲು' ಕವನಸಂಗ್ರಹಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವೂ ಬಂತು. ಹಣದ ಪ್ರಪಂಚವನ್ನು ಅಷ್ಟು ಬಲ್ಲವರ ಈ ಹಾಡು ಮಾತ್ರ ಆ ಪ್ರಪಂಚದ ಹೊರಗಿನ ಅಂಗಳಗಳಲ್ಲಿ, ಬೆಲೆಯಿಲ್ಲದೆ, ರಸೀದಿಯಿಲ್ಲದೆ, ಸುಮ್ಮನೆ ಬಾಳುತ್ತಿದೆ. ಕವಿಗೆ ಅದಕ್ಕಿಂತ ಹಿರಿದಾದ ಪುರಸ್ಕಾರವನ್ನು ನಾನಂತೂ ಕಾಣೆ.

ಇಂಥ ಪದದ ಆಸ್ತಿಯನ್ನು ಈಗ ನಾಲ್ಕೂ ಕಡೆಯಿಂದ ಒತ್ತುವರಿ ಮಾಡಿಕೊಳ್ಳಲಾಗುತ್ತಿದೆ. ತರಗತಿಯಲ್ಲಿ ಮಕ್ಕಳು ಸುಮ್ಮನಿರುವುದನ್ನು ಬಿಟ್ಟು 'ಸೈಲೆಂಟಾಗಿ' ಇರುತ್ತಾರೆ. ಅಂಗಡಿಯವನು ಸುಮ್ಮನೆ ಕೊಡುತ್ತಿದ್ದ ಕೊತ್ತಂಬರಿಯನ್ನು ಈಗ 'ಫ್ರೀಯಾಗಿ' ಕೊಡುತ್ತಾನೆ, ಕೊಡುವುದಾದರೆ. ಸುಮ್ಮನೆ ಕಟ್ಟೆಯ ಮೇಲೆ ಕುಳಿತವನನ್ನು ಕೇಳಿದರೆ 'ಟೈಂಪಾಸ್' ಎನ್ನುತ್ತಾನೆ. ಕಾಲವು ಇವನ ಅಪ್ಪಣೆಯಿಲ್ಲದೆ ಸಾಗುತ್ತಿರಲಿಲ್ಲವೋ ಏನೋ! ಹಾಡನ್ನು ಕಟ್ಟಿದವನನ್ನಂತೂ ಸುತ್ತಲಿನವರು ಎಷ್ಟು ಜನ ಕೇಳಿದರು, ಎಷ್ಟು ದುಡ್ಡು ಬಂತು, ಮುಂದೇನು ಮಾಡುತ್ತೀಯೆ ಎಂದು ಪೀಡಿಸಿ, ಅವನು ಸುಮ್ಮನೆ ಮಾಡಿದ್ದಕ್ಕೆ ಒಂದು ಕಾರಣವನ್ನು ಹುಡುಕಿ ಹಚ್ಚುವವರೆಗೂ ಸುಮ್ಮನಾಗುವುದಿಲ್ಲ. ಹೀಗೆ ಅರ್ಥಗಳೆಲ್ಲ ಒಂದೊಂದಾಗಿ ಪರರ ಪಾಲಾಗುತ್ತ, ನಿಷ್ಕಾರಣವೆಂಬ ಕೊನೆಯ ಗೇಣು ನೆಲ ಮಾತ್ರ ಉಳಿದಿರಲು, ಅದರ ಕಾವಲಿಗೆ ನಿಂತಿರುವವರು ಬಾಟಲಿಗೆ ರಾಗಿ ತುಂಬುವ ಹುಡುಗರು. 'ಜಸ್ಟ್' ಎಂಬ ಅಪರಾಧವೊಂದನ್ನು ಬಿಟ್ಟರೆ ಅವರ ಮೇಲೆ ನನಗೆ ಯಾವ ದೂರೂ ಇಲ್ಲ.

ದೂರಿರುವುದು ದೊಡ್ಡವರ ಮೇಲೆ. ನಿಮ್ಮ ಮನೆಯಲ್ಲಿ ಡಬರಿ ಬಡಿಯುವ ಹುಡುಗನೋ ಹುಡುಗಿಯೋ ಇದ್ದರೆ ಯಾತಕ್ಕೆಂದು ಒಮ್ಮೆ ಕೇಳಿ. "ಸುಮ್ನೆ" ಎಂದು ಉತ್ತರ ಬಂದರೆ ಎರಡನೆಯ ಪ್ರಶ್ನೆಯನ್ನು ಕೇಳಬೇಡಿ. ಸದ್ದು ತಲೆಗೆ ಏರಿತೆಂದರೆ ಗದರಿಸಲು ನಿಮಗೆ ಅಧಿಕಾರವುಂಟು, ಆದರೆ 'ಸೈಲೆಂಟಾಗಿರು' ಎಂದು ಗದರಿಸಬೇಡಿ, "ಸುಮ್ಮನಿರು" ಎನ್ನಿ. ಅವರು ಸುಮ್ಮನಿರುವುದಿಲ್ಲ, ಮಾತಾದರೂ ಉಳಿಯುತ್ತದೆ.