ಹಿತ್ತಲ ಹಕ್ಕಿಗಳ ಗೂಡು ಮತ್ತು ಸಾಕುಪ್ರಾಣಿಗಳ ಉದುರು ಕೂದಲು: ಉಣ್ಣಿ ಔಷಧಿ ಬಳಸುವವರು ಗಮನಿಸಬೇಕಾದ ಅಂಶಗಳು

ಬೇಸಿಗೆ ಕಾಲಿಡುತ್ತಿದ್ದಂತೆ ನಾಯಿ, ಬೆಕ್ಕು, ಮೇಕೆಗಳ ಕೂದಲು ಹೆಚ್ಚಾಗಿ ಉದುರುತ್ತದೆ. ಹಿತ್ತಲಿನ ಹಲವು ಹಕ್ಕಿಗಳು ಗೂಡು ಕಟ್ಟುವುದೂ ಇದೇ ಕಾಲದಲ್ಲಿ. ನಾಯಿಯ ಮೈ ಬಾಚಿ ತೆಗೆದ ಕೂದಲನ್ನು ಬೇಲಿಗೆ ಸಿಕ್ಕಿಸಿಟ್ಟರೆ ಹಕ್ಕಿಗಳಿಗೆ ಅನುಕೂಲವಾಗುತ್ತದೆ ಎಂದು ಪ್ರಾಣಿಪ್ರಿಯರು ಪರಸ್ಪರ ಸಲಹೆ ಕೊಡುವುದುಂಟು. ಉದ್ದೇಶ ಒಳ್ಳೆಯದೇ. ಆದರೆ ಆ ಪ್ರಾಣಿಗೆ ಉಣ್ಣಿ, ಚಿಗಟ ಅಥವಾ ಹೇನಿನ ಔಷಧಿ ಹಾಕಿದ್ದರೆ ಅದರ ಕೂದಲು ಗೂಡಿಗೆ ಸೇರುವಂತಿಲ್ಲ. ಇದಕ್ಕೆ ಕಾರಣವನ್ನೂ ಅನುಸರಿಸಬೇಕಾದ ಕ್ರಮಗಳನ್ನೂ ಮುಂದೆ ವಿವರಿಸಲಾಗಿದೆ.

ಹಕ್ಕಿಗಳಿಗೆ ಕೂದಲು ಏಕೆ ಬೇಕು?

ಗೂಡಿನ ಹೊರಕವಚಕ್ಕೆ ಕಡ್ಡಿ, ಒಣಹುಲ್ಲು, ಬೇರು ಸಾಕು. ಮೊಟ್ಟೆ ಕೂರುವ ಒಳಬಟ್ಟಲಿಗೆ ಮಾತ್ರ ಮೆತ್ತಗಿನ, ಶಾಖವನ್ನು ಹಿಡಿದಿಡುವ ಸಾಮಗ್ರಿ ಬೇಕಾಗುತ್ತದೆ. ಗುಬ್ಬಚ್ಚಿಯು ಗರಿ, ಕೂದಲು, ದಾರದ ಎಳೆ ಹೀಗೆ ಸಿಕ್ಕಿದ್ದನ್ನೆಲ್ಲ ತಂದು ತುರುಕುತ್ತದೆ. ಟುವ್ವಿ ಹಕ್ಕಿಯು ಎಲೆಯ ಅಂಚುಗಳನ್ನು ಹೊಲಿದು ಮಾಡಿದ ಚೀಲದೊಳಗೆ ಹತ್ತಿ, ಕೂದಲುಗಳನ್ನು ಹಾಸುತ್ತದೆ. ಬಾದಾಮಿಯ ಬಂಡೆಗಳ ನಡುವೆಯೂ ಹೊಲದ ಬದುಗಳ ಮೇಲೂ ಬಾಲವನ್ನು ಮೇಲೆತ್ತಿ ಓಡಾಡುವ, ಬಾಲದ ಬುಡದಲ್ಲಿ ಕೆಂಗಂದು ಬಣ್ಣವಿರುವ ಕಪ್ಪು ಹಕ್ಕಿ ಇಂಡಿಯನ್ ರಾಬಿನ್ ಪ್ರಾಣಿಗಳ ಕೂದಲನ್ನು ವಿಶೇಷವಾಗಿ ಬಳಸುತ್ತದೆ; ಹಾವಿನ ಪೊರೆಯನ್ನು ತಂದಿಡುವುದೂ ಉಂಟು. ಪಿಕಳಾರದ ಗೂಡಿನಲ್ಲಿಯೂ ಕೆಲವೊಮ್ಮೆ ಕೂದಲಿನ ಎಳೆಗಳು ಸಿಗುತ್ತವೆ. ಉದುರಿದ ಕೂದಲು ಸಾಲದೆ ಜೀವಂತ ಪ್ರಾಣಿಯ ಮೈಯಿಂದಲೇ ಕಿತ್ತೊಯ್ಯುವ ಹಕ್ಕಿಗಳೂ ಇವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಇಂತಹ ಪ್ರಸಂಗಗಳನ್ನು ಒಟ್ಟುಗೂಡಿಸಿ, ಈ ವರ್ತನೆ ತಿಳಿದಿದ್ದಕ್ಕಿಂತ ಸಾಮಾನ್ಯವಾದುದೆಂದು ತೋರಿಸಿದ್ದಾರೆ. ಆದುದರಿಂದ ನೀವು ಕೂದಲನ್ನು ಹೊರಗಿಡದಿದ್ದರೂ ನಿಮ್ಮ ಪ್ರಾಣಿಯ ಕೂದಲು ಗೂಡು ಸೇರಬಹುದು.

ಅಪಾಯ ಎಲ್ಲಿದೆ?

ನಾಯಿಯ ಕತ್ತಿನ ಹಿಂಭಾಗಕ್ಕೆ ಹನಿಸುವ ಫಿಪ್ರೊನಿಲ್ ಔಷಧಿಯು ಚರ್ಮದ ಎಣ್ಣೆಗ್ರಂಥಿಗಳಲ್ಲಿ ಸಂಗ್ರಹವಾಗಿ, ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಕೂದಲಿಗೆ ಹರಿದುಬರುತ್ತದೆ. ಒಮ್ಮೆ ಹಾಕಿದರೆ ಸುಮಾರು ಒಂದು ತಿಂಗಳು ರಕ್ಷಣೆ ಸಿಗುವುದು ಇದೇ ಕಾರಣದಿಂದ. ಬೆಳೆಗಾರರಿಗೆ ಈ ಹೆಸರು ಹೊಸದಲ್ಲ. ಹೊಲದಲ್ಲಿ ಕೀಟಗಳಿಗೆ ಸಿಂಪಡಿಸುವ ಫಿಪ್ರೊನಿಲ್ ಮತ್ತು ಇಮಿಡಾಕ್ಲೋಪ್ರಿಡ್‌ಗಳೇ ಸಾಕುಪ್ರಾಣಿಗಳ ಔಷಧಿಗಳಲ್ಲಿಯೂ ಇರುತ್ತವೆ. ಇವುಗಳ ಜೊತೆಗೆ ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಅಮಿಟ್ರಾಜ್‌ಗಳೂ ಬಳಕೆಯಲ್ಲಿವೆ.

ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಚೇಕಡಿ ಜಾತಿಯ ಎರಡು ಹಕ್ಕಿಗಳ 103 ಗೂಡುಗಳಿಂದ ಒಳಹಾಸಿನ ಕೂದಲನ್ನು ತೆಗೆದು ಪರೀಕ್ಷಿಸಿ, ಅದರ ಫಲಿತಾಂಶವನ್ನು 2025ರಲ್ಲಿ ಪ್ರಕಟಿಸಿದರು. ಅವುಗಳಲ್ಲೊಂದು ನಮ್ಮ ಗುಡ್ಡಗಾಡಿನ ಬೂದು ಚೇಕಡಿಯ ಹತ್ತಿರದ ಬಂಧು. ಪರೀಕ್ಷಿಸಿದ ಪ್ರತಿಯೊಂದು ಗೂಡಿನಲ್ಲಿಯೂ ಫಿಪ್ರೊನಿಲ್ ಇತ್ತು. ನೂರಕ್ಕೆ 89ರಷ್ಟು ಗೂಡುಗಳಲ್ಲಿ ಇಮಿಡಾಕ್ಲೋಪ್ರಿಡ್ ಹಾಗೂ ಪರ್ಮೆಥ್ರಿನ್ ಕಂಡುಬಂದವು. ಕೀಟನಾಶಕದ ಶೇಷ ಹೆಚ್ಚಾಗಿದ್ದ ಗೂಡುಗಳಲ್ಲಿ ಒಡೆಯದ ಮೊಟ್ಟೆ ಮತ್ತು ಸತ್ತ ಮರಿಗಳ ಸಂಖ್ಯೆಯೂ ಹೆಚ್ಚಾಗಿತ್ತು. ಎರಡರ ನಡುವಿನ ಸಂಬಂಧವನ್ನಷ್ಟೇ ಈ ಅಧ್ಯಯನ ತೋರಿಸುತ್ತದೆ. ಪ್ರತಿ ಸಾವಿಗೂ ಔಷಧಿಯೇ ಕಾರಣವೆಂದು ಅದರ ಅರ್ಥವಲ್ಲ. ಆದರೂ ಆ ದೇಶದಲ್ಲಿ ಬೆಳೆಗಳಿಗೆ ಫಿಪ್ರೊನಿಲ್ ಬಳಸಲು ಅನುಮತಿಯಿಲ್ಲ ಎಂಬುದನ್ನು ಗಮನಿಸಿದರೆ, ಗೂಡು ಸೇರಿದ ವಿಷದ ಮೂಲ ಸಾಕುಪ್ರಾಣಿಗಳ ಮೈ ಎಂಬುದರಲ್ಲಿ ಹೆಚ್ಚು ಸಂಶಯ ಉಳಿಯುವುದಿಲ್ಲ. ನಮ್ಮಲ್ಲಿ ಹೊಲದ ಸಿಂಪರಣೆಯೂ ಇರುವುದರಿಂದ ಹಕ್ಕಿಗೆ ಎರಡು ಕಡೆಯಿಂದ ಹೊರೆ ಬೀಳುತ್ತದೆ.

ಆಗತಾನೆ ಹುಟ್ಟಿದ ಮರಿಯ ಮೈಮೇಲೆ ಗರಿಗಳಿರುವುದಿಲ್ಲ, ಚರ್ಮ ಬಲು ತೆಳು. ಗುಬ್ಬಚ್ಚಿಯ ಮೊಟ್ಟೆ ಒಡೆಯಲು ಸುಮಾರು ಎರಡು ವಾರ, ಮರಿ ಗೂಡು ಬಿಡಲು ಮತ್ತೆರಡು ವಾರ ಹಿಡಿಯುತ್ತದೆ. ಹೆಚ್ಚುಕಡಿಮೆ ನಾಲ್ಕು ವಾರ ಮೊಟ್ಟೆ, ಮರಿಗಳು ಅದೇ ಕೂದಲಿಗೆ ಅಂಟಿಕೊಂಡಿರುತ್ತವೆ. ಮೊಟ್ಟೆಯ ಚಿಪ್ಪಿನಲ್ಲಿಯೂ ಸೂಕ್ಷ್ಮ ರಂಧ್ರಗಳಿವೆ ಎಂಬುದನ್ನು ಮರೆಯಬಾರದು.

ನಮ್ಮ ಭಾಗದ ಸ್ಥಿತಿ

ಬಾಗಲಕೋಟೆಯ ವಿದ್ಯಾಗಿರಿ, ನವನಗರಗಳಂತಹ ಬಡಾವಣೆಗಳಲ್ಲಿ ಕಾಂಕ್ರೀಟ್ ಮನೆಗಳೇ ಹೆಚ್ಚು. ಹಳೆಯ ಮಾಳಿಗೆ ಮನೆಗಳ ಜಂತಿ, ಗೋಡೆಯ ಸಂದುಗಳಲ್ಲಿ ಗುಬ್ಬಚ್ಚಿಗೆ ಸಿಗುತ್ತಿದ್ದ ಜಾಗ ಇಲ್ಲಿ ಸಿಗುವುದಿಲ್ಲ. ಹೀಗೆ ಕಷ್ಟಪಟ್ಟು ಹುಡುಕಿಕೊಂಡ ಕಡೆ ಕಟ್ಟಿದ ಒಂದು ಗೂಡಿನ ಮರಿಗಳು ಸಾಯುವುದು ಸಣ್ಣ ನಷ್ಟವಲ್ಲ. ಮುಧೋಳ ತಳಿಯ ನಾಯಿಯ ಕೂದಲು ಗಿಡ್ಡ. ಬಾಚಿದರೂ ಹೆಚ್ಚು ಬರುವುದಿಲ್ಲ. ಪೇಟೆಯಲ್ಲಿ ಸಾಕುವ ಉದ್ದಕೂದಲಿನ ತಳಿಗಳಿಂದ ಮುಷ್ಟಿಗಟ್ಟಲೆ ಬರುತ್ತದೆ, ಔಷಧಿ ಹಾಕಿಸುವವರೂ ಹೆಚ್ಚಾಗಿ ಇವುಗಳ ಒಡೆಯರೇ.

ಬಾದಾಮಿ, ಹುನಗುಂದ ತಾಲ್ಲೂಕುಗಳ ಕುರಿಗಾರರು ಇನ್ನೊಂದು ಅಂಶವನ್ನು ಗಮನಿಸಬೇಕು. ಕುರಿಗಳಿಗೆ ಔಷಧಿ ಸ್ನಾನ ಮಾಡಿಸಿದ ನಂತರ ಕತ್ತರಿಸಿದ ತುಪ್ಪಟದಲ್ಲಿ ಔಷಧಿಯ ಶೇಷವಿರುತ್ತದೆ. ದೆಕ್ಕನಿ ಕುರಿಯ ಒರಟು ತುಪ್ಪಟಕ್ಕೆ ಬೇಡಿಕೆ ಕುಗ್ಗಿರುವುದರಿಂದ ಅದನ್ನು ಬದುವಿನ ಮೇಲೆ ಬಿಟ್ಟುಹೋಗುವುದುಂಟು. ಜಾಲಿಯ ಮುಳ್ಳಿಗೂ ಅದು ಸಿಕ್ಕಿಕೊಂಡಿರುತ್ತದೆ. ಸಾಧ್ಯವಿದ್ದಲ್ಲಿ ಮೊದಲು ತುಪ್ಪಟ ಕತ್ತರಿಸಿ, ಬಳಿಕ ಔಷಧಿ ಸ್ನಾನ ಮಾಡಿಸುವುದು ಸೂಕ್ತ. ಆಗ ಔಷಧಿಯೂ ಚರ್ಮಕ್ಕೆ ಚೆನ್ನಾಗಿ ತಗಲುತ್ತದೆ, ಖರ್ಚೂ ಕಡಿಮೆ.

ಅನುಸರಿಸಬೇಕಾದ ಕ್ರಮಗಳು

ಉಣ್ಣಿ ಔಷಧಿಯನ್ನು ನಿಲ್ಲಿಸಬೇಕೆಂದು ಇಲ್ಲಿ ಹೇಳುತ್ತಿಲ್ಲ. ಉಣ್ಣಿಗಳಿಂದ ನಾಯಿಗಳಿಗೆ ಎರ್ಲಿಕಿಯೋಸಿಸ್, ಬೇಬಿಸಿಯೋಸಿಸ್, ದನಗಳಿಗೆ ಥೈಲೇರಿಯಾ ಮುಂತಾದ ಮಾರಕ ರೋಗಗಳು ಹರಡುತ್ತವೆ. ಪಶುವೈದ್ಯರ ಸಲಹೆಯಂತೆ, ಉಣ್ಣಿಯ ಬಾಧೆ ಇದ್ದಾಗ ಔಷಧಿ ಬಳಸಿ. ಬಾಧೆಯೇ ಇಲ್ಲದಿರುವಾಗ ರೂಢಿಗಾಗಿ ಪ್ರತಿ ತಿಂಗಳೂ ಹಾಕುತ್ತಿದ್ದರೆ ಅದು ಅಗತ್ಯವೇ ಎಂದು ಅವರನ್ನೇ ಕೇಳಿ. ಬೆಳೆಗೆ ತಂದ ಕೀಟನಾಶಕವನ್ನು ನೀರಿಗೆ ಬೆರೆಸಿ ಪ್ರಾಣಿಯ ಮೈಗೆ ಹಚ್ಚುವ ಪದ್ಧತಿಯನ್ನಂತೂ ಸಂಪೂರ್ಣವಾಗಿ ಕೈಬಿಡಬೇಕು. ನಾಯಿಗೆಂದು ತಂದ ಪರ್ಮೆಥ್ರಿನ್ ಬೆಕ್ಕಿಗೆ ಪ್ರಾಣಾಂತಿಕ ಎಂಬುದೂ ನೆನಪಿರಲಿ.

ಔಷಧಿ ಹಾಕಿದ ಪ್ರಾಣಿಯನ್ನು ಮನೆಯೊಳಗೆ ಅಥವಾ ಗಾಳಿಯಿಲ್ಲದ ಕಟ್ಟೆಯ ಮೇಲೆ ಬಾಚಿ, ಕೂದಲನ್ನು ಚೀಲದಲ್ಲಿ ಕಟ್ಟಿ ಕಸದ ಗಾಡಿಗೆ ಕೊಡಿ. ಹಳ್ಳಿಗಳಲ್ಲಿ ಬಾವಿ, ಹಳ್ಳಗಳಿಂದ ದೂರದಲ್ಲಿ ಆಳವಾಗಿ ಹೂಳಬಹುದು. ಎರೆಗೊಬ್ಬರದ ತೊಟ್ಟಿಗೆ ಹಾಕಬೇಡಿ. ಎಷ್ಟು ದಿನ ಕಳೆದ ಮೇಲೆ ಕೂದಲನ್ನು ಹೊರಗಿಡಬಹುದು ಎಂದು ಕೆಲವರು ಕೇಳುತ್ತಾರೆ. ದಿನಗಳ ಲೆಕ್ಕ ಹಾಕುವುದಕ್ಕಿಂತ, ಆ ಪ್ರಾಣಿಗೆ ಔಷಧಿ ನಡೆಯುತ್ತಿರುವಷ್ಟು ಕಾಲ ಇಡದಿರುವುದೇ ಲೇಸು. ಔಷಧಿ ಹಾಕಿದ ಬಳಿಕ ಕೆಲವು ದಿನ ನಾಯಿಯನ್ನು ಕೆರೆ, ಕಾಲುವೆಗಳಿಗೆ ಇಳಿಸಲೂ ಬಾರದು. ಫಿಪ್ರೊನಿಲ್ ಜಲಕೀಟಗಳಿಗೆ ತೀವ್ರ ವಿಷ.

ಎಂದೂ ಔಷಧಿ ಕಾಣದ ಮೇಕೆ, ನಾಯಿ, ಎತ್ತುಗಳ ಕೂದಲಾದರೆ ಧಾರಾಳವಾಗಿ ಇಡಬಹುದು. ಶಾಂಪೂ, ಬಣ್ಣ ತಗಲಿರಬಾರದು. ಉದ್ದ ಎಳೆಗಳು ಮರಿಯ ಕಾಲಿಗೆ ಸುತ್ತಿಕೊಂಡು ರಕ್ತಸಂಚಾರವನ್ನೇ ನಿಲ್ಲಿಸುತ್ತವೆ. ಆದ್ದರಿಂದ ಎರಡು ಸೆಂಟಿಮೀಟರಿಗಿಂತ ಉದ್ದವಿರುವುದನ್ನು ಕತ್ತರಿಸಿ. ಮನುಷ್ಯರ ತಲೆಗೂದಲನ್ನು ಇಡದಿರುವುದೇ ಒಳಿತು. ಇಳಕಲ್ಲಿನ ಮಗ್ಗದ ಮನೆಗಳವರು ರೇಷ್ಮೆ, ಕೃತಕ ರೇಷ್ಮೆ ಮತ್ತು ಜರಿ ದಾರದ ತುಂಡುಗಳನ್ನು ಅಂಗಳಕ್ಕೆ ಗುಡಿಸಿ ಬಿಡಬಾರದು. ಗಟ್ಟಿಯಾದ ದಾರ ಕೂದಲಿಗಿಂತ ಹೆಚ್ಚು ಅಪಾಯಕರ.

ಕೂದಲೇ ಬೇಕೆಂದಿಲ್ಲ. ನಾಟಿ ಕೋಳಿಯ ಉದುರಿದ ಸಣ್ಣ ಗರಿ, ತೆಂಗಿನ ನಾರು, ಒಣಹುಲ್ಲು, ಎಕ್ಕದ ಕಾಯಿಯ ಅರಳೆ ಇವೆಲ್ಲ ಹಕ್ಕಿಗಳಿಗೆ ಒಪ್ಪುತ್ತವೆ. ಹಿತ್ತಲಿನ ಒಂದು ಮೂಲೆಯನ್ನು ಗುಡಿಸದೆ ಬಿಟ್ಟರೂ ಸಾಕು. ಗುಬ್ಬಚ್ಚಿ, ಟುವ್ವಿಗಳು ಮರಿಗಳಿಗೆ ಉಣಿಸುವುದು ಮುಖ್ಯವಾಗಿ ಹುಳುಗಳನ್ನೇ. ಕೈತೋಟದವರಿಗೆ ಇದರಿಂದ ಲಾಭವಿದೆ. ಪಿಕಳಾರದ ವಿಷಯದಲ್ಲಿ ದಾಳಿಂಬೆ, ದ್ರಾಕ್ಷಿ ಬೆಳೆಗಾರರು ಈ ಮಾತನ್ನು ಒಪ್ಪಲಾರರು, ಅವರ ಆಕ್ಷೇಪ ನ್ಯಾಯವಾದುದೇ. ಅವರು ಹಣ್ಣಿಗೆ ಬಲೆ ಹಾಕಲಿ; ಗೂಡಿನ ತಂಟೆಗೆ ಹೋಗುವುದು ಬೇಡ.

ಮನೆಯಲ್ಲಿ ಕೋಳಿಗಳಿದ್ದರೆ ಇನ್ನೂ ಎಚ್ಚರ ಅಗತ್ಯ. ಫಿಪ್ರೊನಿಲ್ ವಿಷವು ಬಾತುಗಳಿಗಿಂತ ಕೌಜುಗದಂತಹ ಕೋಳಿ ವರ್ಗದ ಹಕ್ಕಿಗಳಿಗೆ ಹಲವು ಪಟ್ಟು ತೀವ್ರವೆಂದು ಪ್ರಯೋಗಗಳಿಂದ ತಿಳಿದಿದೆ. 2017ರಲ್ಲಿ ನೆದರ್‌ಲ್ಯಾಂಡ್ಸ್, ಬೆಲ್ಜಿಯಂಗಳಲ್ಲಿ ಕೋಳಿಮನೆಯ ನುಸಿಗೆ ಇದನ್ನು ಅಕ್ರಮವಾಗಿ ಬಳಸಿದ್ದರಿಂದ ಮೊಟ್ಟೆಗಳಲ್ಲಿ ಶೇಷ ಕಂಡುಬಂದು, ಲಕ್ಷಗಟ್ಟಲೆ ಮೊಟ್ಟೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ನಾಯಿಯ ಔಷಧಿಯಲ್ಲಿ ಉಳಿದದ್ದನ್ನು ಕೋಳಿಗೆ ಹಚ್ಚಬೇಡಿ, ಔಷಧಿ ಹಾಕಿದ ನಾಯಿಯ ಕೂದಲನ್ನು ಕೋಳಿ ಕಾವಿಗೆ ಕೂರುವ ಬುಟ್ಟಿಯಲ್ಲಿಯೂ ಹಾಸಬೇಡಿ.