ಆಕಾಶದ ಗೋಮಾಳ

ಮದುವೆ ಚಪ್ಪರದ ಮೇಲೆ ಸುತ್ತುವ ಡ್ರೋನಿಗೂ ಅಡುಗೆಮನೆಯ ಮೈಕ್ರೋವೇವ್ ಒಲೆಗೂ ಒಂದು ನಂಟಿದೆ. ಸಾಮಾನ್ಯವಾಗಿ ಎರಡೂ ಬಳಸುವುದು 2.4 ಗಿಗಾಹರ್ಟ್ಸ್ ಆಸುಪಾಸಿನ ರೇಡಿಯೋ ಅಲೆಗಳನ್ನೇ. ಒಲೆಗೆ ಅವು ಬಿಸಿಮಾಡುವ ಶಕ್ತಿ. ಡ್ರೋನಿಗೆ ನೆಲದಿಂದ ಬರುವ ಆಜ್ಞೆ.

1898ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪುಟ್ಟ ದೋಣಿಯೊಂದನ್ನು ತಂತಿಯಿಲ್ಲದೆ ನಡೆಸಿ ತೋರಿಸಿದಾಗ ಆಕಾಶ ಬಹುಪಾಲು ಖಾಲಿಯಿತ್ತು. ಮುಂದೆ ಬಾನುಲಿ, ಸೇನೆ, ಪೊಲೀಸ್, ಟೆಲಿವಿಷನ್ ಎಲ್ಲವೂ ಬಂದವು. ಸರ್ಕಾರಗಳು ಅಲೆಗಳನ್ನು ನಿವೇಶನಗಳಂತೆ ಅಳೆದು ಹಂಚಿದವು. ಆಟದ ವಿಮಾನ ಹಾರಿಸುವ ಹವ್ಯಾಸಿಗಳಿಗೆ ಸಿಕ್ಕಿದ್ದು ಸಣ್ಣ ತುಣುಕು: ಅಮೆರಿಕದಲ್ಲಿ 72 ಮೆಗಾಹರ್ಟ್ಸ್, ಬ್ರಿಟನ್ನಿನಲ್ಲಿ 35. ಇಬ್ಬರು ಒಂದೇ ಚಾನೆಲ್ಲಿನಲ್ಲಿ ಸ್ವಿಚ್ ಒತ್ತಿದರೆ ವಿಮಾನ ಹಿಡಿತ ತಪ್ಪಿ ನೆಲಕ್ಕೆ ಬೀಳುತ್ತಿತ್ತು. ಹಾಗಾಗಿ ಮೈದಾನದ ಹಲಗೆಯಿಂದ ತಮ್ಮ ಚಾನೆಲ್ಲಿನ ಕ್ಲಿಪ್ಪು ತೆಗೆದುಕೊಂಡವರು ಮಾತ್ರ ಹಾರಿಸಬೇಕು. ಉಳಿದವರು ಸರದಿ ಕಾಯಬೇಕು.

ಇತ್ತ 1947ರ ಅಟ್ಲಾಂಟಿಕ್ ಸಿಟಿ ಸಮ್ಮೇಳನ 2450 ಮೆಗಾಹರ್ಟ್ಸ್ ಸುತ್ತಲಿನ ಬ್ಯಾಂಡನ್ನು ಉದ್ಯಮ, ವಿಜ್ಞಾನ, ವೈದ್ಯಕೀಯದ ಯಂತ್ರಗಳಿಗೆ ಬಿಟ್ಟಿತ್ತು. ಅಲ್ಲಿ ಸಂದೇಶ ಕಳಿಸುವವರು ಆ ಯಂತ್ರಗಳ ಗದ್ದಲ ಸಹಿಸಲೇಬೇಕು. ಸಂಪರ್ಕದ ಮಟ್ಟಿಗೆ ಅದು ಬಂಜರು. 1985ರಲ್ಲಿ ಅಮೆರಿಕದ ಸಂಪರ್ಕ ಆಯೋಗ ಆ ಬಂಜರನ್ನು ಪರವಾನಗಿಯಿಲ್ಲದ ಬಳಕೆಗೆ ತೆರೆಯಿತು. ಷರತ್ತು ಇಷ್ಟೇ: ಶಕ್ತಿ ಮಿತವಾಗಿರಲಿ, ಸಂಕೇತ ಒಂದೇ ಕಡೆ ಬೀಡುಬಿಡದೆ ಹರಡಿಕೊಳ್ಳಲಿ.

ಹರಡುವ ಒಂದು ದಾರಿ, ಕಳಿಸುವವನೂ ಕೇಳುವವನೂ ಒಪ್ಪಂದದಂತೆ ಚಾನೆಲ್ಲಿನಿಂದ ಚಾನೆಲ್ಲಿಗೆ ಜಿಗಿಯುವುದು. ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲೇ ಟಾರ್ಪೆಡೊಗಾಗಿ ಇಂಥದೊಂದು ಪೇಟೆಂಟ್ ಪಡೆದಿದ್ದರು. ಪಿಯಾನೊದ ಮನೆಗಳಷ್ಟೇ ಚಾನೆಲ್ಲುಗಳು, 88. ಆ ಯುದ್ಧದಲ್ಲಿ ನೌಕಾಪಡೆ ಅದನ್ನು ಬಳಸಲಿಲ್ಲ.

ಭಾರತ 2005ರಲ್ಲಿ ಈ ಬ್ಯಾಂಡಿನ ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿ ಬೇಡವೆಂದಿತು. ಅದೇ ದಶಕದಲ್ಲಿ ಹವ್ಯಾಸಿಗಳ ರಿಮೋಟುಗಳೂ ಇಲ್ಲಿಗೆ ವಲಸೆ ಬಂದವು. ಕ್ಲಿಪ್ಪಿನ ಸರದಿ ಮುಗಿಯಿತು. ಯಾರಿಗೂ ಬೇಡವಾಗಿದ್ದ ಬಂಜರು ಎಲ್ಲರ ಗೋಮಾಳವಾಯಿತು.

ಆದರೆ ಗೋಮಾಳಕ್ಕೆ ಬೇಲಿಯಿಲ್ಲ. ಉಕ್ರೇನ್ ಯುದ್ಧದಲ್ಲಿ ಎರಡೂ ಕಡೆಯವರು ಡ್ರೋನುಗಳ ಬ್ಯಾಂಡುಗಳಿಗೆ ಗದ್ದಲ ತುಂಬಿ ಆಜ್ಞೆ ಕೇಳದಂತೆ ಮಾಡಿದರು. 2024ರ ಹೊತ್ತಿಗೆ ಕೆಲವು ಡ್ರೋನುಗಳು ಹಿಂದೆ ಕಿಲೋಮೀಟರುಗಟ್ಟಲೆ ಗಾಜಿನ ಎಳೆ ಬಿಚ್ಚುತ್ತ ಹಾರತೊಡಗಿದವು. ಟೆಸ್ಲಾ ಕಳಚಿದ್ದ ತಂತಿಯನ್ನು ಯುದ್ಧ ಮತ್ತೆ ಕಟ್ಟಿತು. ಮದುವೆಮನೆಯ ಡ್ರೋನು ಇಂದಿಗೂ ತಂತಿಯಿಲ್ಲದೆ ಹಾರುತ್ತಿದೆ, ಅಕ್ಕಪಕ್ಕದವರು ಮಿತಿಯಲ್ಲಿ ಮಾತಾಡುತ್ತಿರುವುದರಿಂದ.